ಮೋಟಾರಿಗೊಂದು ಕಂಠ

ಬಾಡಿಗೆಯ ಮೋಟಾರಿಗೆ ಎಂಜಿನ್ನು, ಚಕ್ರ, ಲಾಯಸನ್ಸು ಇದ್ದರೆ ಸಾಕೆಂದು ತಿಳಿದವರು ಮದುವೆಯ ಹಂಗಾಮಿನಲ್ಲಿ ಒಮ್ಮೆ ನಮ್ಮ ಲಕ್ಷ್ಮೇಶ್ವರಕ್ಕೆ ಬರಬೇಕು. ಹಾಡಿಲ್ಲದ ಗಾಡಿಯನ್ನು ದಿಬ್ಬಣದವರು ಕಣ್ಣೆತ್ತಿಯೂ ನೋಡುವುದಿಲ್ಲ. ನಮ್ಮಣ್ಣನ ಹಳೆಯ ಕಾರು ಶಿರಹಟ್ಟಿ, ಮುಂಡರಗಿ, ಗದಗ ಎಂದು ತಿರುಗಿ ಮನೆಯ ಒಲೆಯನ್ನೂ ನನ್ನ ಕಾಲೇಜಿನ ಫೀಯನ್ನೂ ನಡೆಸುತ್ತದೆ. ಅದರ ಧ್ವನಿ ಒಡೆದು ಗಿರಾಕಿಗಳು ಬೇರೆ ಗಾಡಿ ಹುಡುಕತೊಡಗಿದಾಗ, ಅಣ್ಣ ಉಳ್ಳಾಗಡ್ಡಿ ಮಾರಿದ ಹಣದಲ್ಲಿ 6000 ರೂಪಾಯಿ ನನ್ನ ಕೈಗಿಟ್ಟು, "ನೀ ಓದಿದಾಂವ, ಆಂಪ್ಲಿಫಾಯರ್ ನೀನ ಆರಿಸು" ಎಂದ. ನಾನು ಓದುತ್ತಿರುವುದು ಇತಿಹಾಸ! ಪುಣ್ಯಕ್ಕೆ ಹೈಸ್ಕೂಲಿನ ಓಮನ ನಿಯಮ ಇನ್ನೂ ನೆನಪಿತ್ತು.

ಮೊದಲಿಗೆ, ಆಂಪ್ಲಿಫಾಯರ್ ಯಾತಕ್ಕೆ? ಕಾರಿನ ಸ್ಟೀರಿಯೋದ ಮೇಲೆ 50 ವ್ಯಾಟೆಂದು ಬರೆದಿದ್ದರೂ ಅದಕ್ಕೆ ಸಿಗುವುದು ಬ್ಯಾಟರಿಯ ವಿದ್ಯುತ್ತೇ. ಎಂಜಿನ್ ಓಡುವಾಗಲೂ ಅದು 14.4 ವೋಲ್ಟಿನ ಆಸುಪಾಸು. ಅಷ್ಟರಲ್ಲಿ 4 ಓಮಿನ ಸ್ಪೀಕರಿಗೆ ಒಡಕಿಲ್ಲದೆ ಕೊಡಬಹುದಾದದ್ದು ಹೆಚ್ಚೆಂದರೆ 26 ವ್ಯಾಟು. ಬೇರೆ ಆಂಪ್ಲಿಫಾಯರು ತನ್ನೊಳಗೇ ವೋಲ್ಟೇಜನ್ನು ಏರಿಸಿಕೊಳ್ಳುತ್ತದೆ. ಅದರ ಗುಣವೂ ಅಲ್ಲಿದೆ, ಬೆಲೆಯೂ ಅಲ್ಲಿದೆ.

ಗದಗಿನ ಅಂಗಡಿಯೊಂದರಲ್ಲಿ ಫಳಫಳಿಸುವ ಪೆಟ್ಟಿಗೆಯೊಂದು ಎದುರಿಗೆ ಬಂತು. "ಎರಡು ಸಾವಿರ ವ್ಯಾಟ್ ನೋಡ್ರಿ, ಗಾಡಿ ಗಡಗಡ ನಡಗತೈತಿ!" ನಾನು ಅದನ್ನು ತಿರುವಿ ಫ್ಯೂಜು ನೋಡಿದೆ. 20 ಆಂಪಿಯರು. ಇಪ್ಪತ್ತನ್ನು 14 ವೋಲ್ಟಿನಿಂದ ಗುಣಿಸಿದರೆ ಒಳಗೆ ಹೋಗುವುದೇ 280 ವ್ಯಾಟು. ಎ-ಬಿ ವರ್ಗದ ಯಂತ್ರವಾದ್ದರಿಂದ ಅದರಲ್ಲಿ ನೂರಕ್ಕೆ ನಾಲ್ವತ್ತು ಪಾಲು ಶಾಖವಾಗಿ ಹೋಗುತ್ತದೆ. ಆ 2000 ಎಲ್ಲಿಂದ ಉದ್ಭವಿಸಬೇಕು? ಅದರ ಪಕ್ಕದಲ್ಲಿ, ಧೂಳು ಹಿಡಿದು ಕುಳಿತಿದ್ದ ನಾಲ್ಕು ಚಾನೆಲಿನದೊಂದು ಆರ್.ಎಂ.ಎಸ್. ಲೆಕ್ಕದಲ್ಲಿ ತಲಾ 50 ವ್ಯಾಟೆಂದಷ್ಟೇ ಹೇಳುತ್ತಿತ್ತು. ಫ್ಯೂಜು 25 ಆಂಪಿಯರು. ಲೆಕ್ಕ ತಾಳೆಯಾಯಿತು.

ಆದರೂ ಕಿವಿಯ ಸಾಕ್ಷಿ ಬೇಡವೇ? 1922ರಲ್ಲಿ ಈ ಸೀಮೆಯಲ್ಲೇ ಹುಟ್ಟಿದ ಭೀಮಸೇನ ಜೋಶಿಯವರ ತಾನೊಂದನ್ನು ಎರಡರಲ್ಲೂ ಗಟ್ಟಿಯಾಗಿ ಹಾಕಿಸಿದೆ. ದೊಡ್ಡ ಮಾತಿನ ಪೆಟ್ಟಿಗೆ ತಾರಕಕ್ಕೇರುತ್ತಲೇ ಹರಿದ ತಗಡಾಯಿತು. ಸಣ್ಣದು ಉಸಿರು ಹಿಡಿದು ನಿಂತಿತು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹಾಡು ಕಲಿಸಿದ ಊರಿನಲ್ಲಿ ಇದಕ್ಕಿಂತ ಬೇರೆ ಪರೀಕ್ಷೆ ನನಗೆ ಹೊಳೆಯಲಿಲ್ಲ.

ಅಣ್ಣನಿಗೆ ಮಾತ್ರ ಎದೆಗೆ ಗುದ್ದುವ ಬೇಸ್ ಬೇಕಿತ್ತು. ವ್ಯಾಟು ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್, ಕಿವಿಗೆ ಇಮ್ಮಡಿ ಎನಿಸಬೇಕಾದರೆ ಹತ್ತು ಮಡಿ ವ್ಯಾಟು ಬೇಕೆಂದು ಬಗೆಬಗೆಯಾಗಿ ಹೇಳಿದೆ. "ಗಿರಾಕಿಗೆ ಡೆಸಿಬೆಲ್ ತಿಳೀತದೇನೋ?" ಎಂದ. ನ್ಯಾಯವಾದ ಪ್ರಶ್ನೆಯೇ.

ಕೊನೆಗೆ 4200 ರೂಪಾಯಿಗೆ ಆ ಸಣ್ಣದನ್ನೇ ಕೊಂಡೆವು. 1100 ರೂಪಾಯಿ ದಪ್ಪ ವಾಯರಿಗೆ ಹೋಯಿತು. ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟದ್ದಲ್ಲ, ಅಪ್ಪಟ ತಾಮ್ರದ್ದು. ಬ್ಯಾಟರಿಯ ಬದಿಗೇ ಒಂದು ಫ್ಯೂಜನ್ನೂ ಹಟಮಾಡಿ ಹಾಕಿಸಿದೆ. ವಾಯರು ಸವೆದು ಕಾರಿನ ತಗಡಿಗೆ ತಗಲಿದರೆ ಸುಡುವುದು ಹಾಡಲ್ಲ, ಗಾಡಿ. ಮಿಕ್ಕ 700 ಜೋಡಿಸಿದವನ ಕೂಲಿ.

ಮೊನ್ನೆ ಮುಂಡರಗಿಯ ದಿಬ್ಬಣದ ಹುಡುಗರು "ಧಡಲ್ ಇಲ್ರಿ ಇದರಾಗ" ಎಂದು ಗೊಣಗಿದರಂತೆ. ಹಿಂದಿನ ಸೀಟಿನ ಅಜ್ಜಿ, "ಮಾತು ತಿಳೀತೈತಿ, ತಿರುಗಿ ಹೋಗೂಮುಂದೂ ಇದ ಗಾಡಿ ತರ್ರಿ" ಎಂದಳಂತೆ. ಬಾಡಿಗೆ ಕೊಟ್ಟದ್ದು ಅಜ್ಜಿಯ ಮಗ. ಆದರೂ ಅಣ್ಣ ಬೇಸಿನ ಪೆಟ್ಟಿಗೆಗೆಂದು ಬೇರೆ ಗಂಟು ಕಟ್ಟುತ್ತಿದ್ದಾನೆ.