ಸುಡುನೀರಿನ ಒಕ್ಕಲು

ಯೆಲ್ಲೋಸ್ಟೋನ್ ಅಮೆರಿಕದಲ್ಲಿದೆ. 1872ರಲ್ಲೇ ಹುಟ್ಟಿದ, ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ. ಮಗಳ ಮನೆಗೆ ಹೋದಾಗ ಅವಳು ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದಳು. ಬೈಸನ್‌ಗಳು ರಸ್ತೆಗೆ ಅಡ್ಡ ನಿಂತು ಅರ್ಧ ಗಂಟೆ ಕಾಯಿಸಿದವು. ಆದರೆ ಮಕ್ಕಳೇ, ನಾನು ಹೇಳಹೊರಟಿರುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳ ವಿಷಯ.

ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಿಸಿನೀರಿನ ಕೊಳ ಅಲ್ಲಿದೆ. ಅಡ್ಡಗಲ ನೂರು ಮೀಟರಿಗೂ ಹೆಚ್ಚು. ಪಕ್ಕದಲ್ಲಿ ಹಲಗೆಯ ಕಾಲುದಾರಿ. ಅದನ್ನು ಬಿಟ್ಟು ಇಳಿಯುವಂತಿಲ್ಲ. ನೆಲ ಹಪ್ಪಳದಂತೆ ತೆಳು, ಅಡಿಯಲ್ಲಿ ಸುಡುನೀರು. ಗಾಳಿಗೆ ಹಾರಿದ ಯಾರದೋ ಟೋಪಿಗಳು ದೂರದಲ್ಲಿ ಬಿದ್ದಿದ್ದವು. ನನ್ನ ಮಂಕಿಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡೆ.

ಮಂಡಿ ಗೊಣಗಿದರೂ ಎದುರಿನ ದಿಬ್ಬ ಹತ್ತಿ ನೋಡಿದೆವು. ನಡುವೆ ಕಡುನೀಲಿ, ಸುತ್ತ ಹಳದಿ, ಆಮೇಲೆ ಕಿತ್ತಳೆ, ಅಂಚಿಗೆ ಕಂದು. ದೊಡ್ಡ ರಂಗೋಲಿ!

"ತಾತ, ಬಣ್ಣ ಯಾರು ಹಾಕಿದ್ದು?" ಎಂದಳು ಒಂಬತ್ತು ವರ್ಷದ ಮೊಮ್ಮಗಳು.

ಬ್ಯಾಕ್ಟೀರಿಯಾ! ನಡುವಿನಿಂದ ಅಂಚಿಗೆ ಬಂದಂತೆ ನೀರು ತಣಿಯುತ್ತದೆ. ಅವರವರಿಗೆ ಒಗ್ಗುವ ಬಿಸಿಯಲ್ಲಿ ಒಂದೊಂದು ಒಕ್ಕಲು. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಇವು ಸುಮಾರು 73 ಡಿಗ್ರಿ ದಾಟಿದರೆ ಬದುಕಲಾರವು. ಹಾಗಾಗಿ ನಡುವಿನ ನೀಲಿ ಬರೀ ಆಳವಾದ ತಿಳಿನೀರಿನ ಬಣ್ಣ.

ನಮ್ಮಾಕೆಗೆ ಗಾಬರಿ. "ಹಾಗಾದರೆ ನಾವು ಹಾಲು ಕಾಯಿಸಿ ಏನು ಪ್ರಯೋಜನ?" ಪ್ರಶ್ನೆ ಸರಿಯೇ. ಡೇರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟರೆ ರೋಗದ ಕ್ರಿಮಿಗಳು ಸಾಯುತ್ತವೆ. ಇಲ್ಲಿಯವು ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ ಸಂಸಾರ ಹೂಡಿವೆ.

ಇದೇ ಸೀಮೆಯ ಇನ್ನೊಂದು ಬುಗ್ಗೆಯಿಂದ 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಒಂದು ಬ್ಯಾಕ್ಟೀರಿಯಾ ಹಿಡಿದು ತಂದರು. (ಹೆಸರು ಫ್ರೀಜ್, ಹಿಡಿದದ್ದು ಸುಡುನೀರಿನ ಜೀವಿ!) ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. 70 ಡಿಗ್ರಿ ಅದಕ್ಕೆ ಹಿತ. 80ರ ಹತ್ತಿರ ಬೆಳೆಯದು, 40ಕ್ಕಿಂತ ಕೆಳಗೂ ಬೆಳೆಯದು. ನಮ್ಮ ಮೈ 37 ಡಿಗ್ರಿ. ಅದಕ್ಕೆ ನಾವು ಹಿಮಾಲಯ. ಇದನ್ನು ಹೇಳಿದ ಮೇಲೆ ನಮ್ಮಾಕೆಗೆ ತುಸು ಸಮಾಧಾನವಾಯಿತು.

ಆಕೆಗೆ ಇನ್ನೂ ಒಂದು ವಿಷಯ ಹೇಳುವುದಿತ್ತು. 2020ರಲ್ಲಿ ಆಕೆಗೆ ಜ್ವರ ಬಂದು, ಮೂಗಿನ ದ್ರವ ಪರೀಕ್ಷೆಗೆ ಕೊಟ್ಟು, ಎರಡು ದಿನ ಕಾದೆವು. ಆಕೆ ಕೋಣೆಯ ಒಳಗೆ. ನಾನು ಬಾಗಿಲ ಹೊರಗೆ ತಟ್ಟೆ ಇಟ್ಟು ದೂರ ನಿಲ್ಲುತ್ತಿದ್ದೆ. ನಲವತ್ತಾರು ವರ್ಷದ ಸಂಸಾರದಲ್ಲಿ ಹಾಗೆ ದೂರ ನಿಂತದ್ದು ಅದೇ ಮೊದಲು. ಪಾಸಿಟಿವ್ ಎಂದು ತಿಳಿದ ದಿನವೇ ಆಸ್ಪತ್ರೆಗೆ ಸೇರಿಸಿದೆವು. ಹನ್ನೊಂದನೆಯ ದಿನ ಮನೆಗೆ ಬಂದಳು.

ಆ ಪಿಸಿಆರ್ ಪರೀಕ್ಷೆಯಲ್ಲಿ ಡಿಎನ್‌ಎ ಎಳೆಗಳನ್ನು ಸುಮಾರು 95 ಡಿಗ್ರಿಗೆ ಕಾಯಿಸಿ ಬಿಡಿಸಿ, ತಣಿಸಿ, ನಕಲು ತೆಗೆಯಬೇಕು, ಮತ್ತೆ ಮತ್ತೆ. ನಕಲು ತೆಗೆಯುವ ಸಾಧಾರಣ ಕಿಣ್ವ ಆ ಬಿಸಿಗೆ ಕೆಟ್ಟುಹೋಗುತ್ತದೆ. ಥರ್ಮಸ್ ಅಕ್ವಾಟಿಕಸ್‌ನ ಕಿಣ್ವ ತಡೆದುಕೊಳ್ಳುತ್ತದೆ. ಪ್ರತಿ ಸುತ್ತಿಗೂ ದುಪ್ಪಟ್ಟು: ಒಂದು, ಎರಡು, ನಾಲ್ಕು... ಮೂವತ್ತು ಸುತ್ತಿಗೆ 107 ಕೋಟಿ ದಾಟುತ್ತದೆ! ನಾನು ಬರೆದ ಯಾವ ಲೆಡ್ಜರಿನಲ್ಲೂ ಠೇವಣಿ ಹೀಗೆ ಬೆಳೆದದ್ದಿಲ್ಲ. ಪಿಸಿಆರ್ ಉಪಾಯಕ್ಕೆ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಕೇಳಿದ ನಮ್ಮಾಕೆ ಆವಿಯನ್ನೇ ನೋಡುತ್ತ ಬಹಳ ಹೊತ್ತು ನಿಂತಳು. "ಅಜ್ಜಿ, ಚಳಿ" ಎಂದು ಮೊಮ್ಮಗಳು ಸೆರಗು ಎಳೆದ ಮೇಲೆಯೇ ದಿಬ್ಬ ಇಳಿದದ್ದು.

ಊರಿಗೆ ಬಂದಮೇಲೆ ಮಾತ್ರ ಹಾಲನ್ನು ಎರಡೆರಡು ಸಲ ಉಕ್ಕಿಸುತ್ತಿದ್ದಾಳೆ.