ತಂತಿಗೆ ಕಟ್ಟಿದ ವಿಮಾನವೂ ನನ್ನ ಒಂದು ತಪ್ಪೂ



ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ನಾಲ್ಕು ಮಾತು ಬರೆಯಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ಪರೀಕ್ಷೆಯ ಫಲಿತಾಂಶಗಳೂ ಕಟ್ಟಡದ ದುರಸ್ತಿಯ ಲೆಕ್ಕವೂ ವಾರ್ಷಿಕ ವರದಿಯಲ್ಲಿ ಸೇರಿರುವುದರಿಂದ ಅವನ್ನು ಇಲ್ಲಿ ತಿರುಗಿ ಹೇಳಲಾರೆ. ಕಳೆದ ವರ್ಷ ನಮ್ಮ ಹುಡುಗಿಯರು ಕಲಿತ ಒಂದು ಹೊಸ ವಿದ್ಯೆಯನ್ನೂ, ಅದರ ದೆಸೆಯಿಂದ ಅವರ ಮುಖ್ಯೋಪಾಧ್ಯಾಯಿನಿಯು ಕಲಿತ ಒಂದು ಹಳೆಯ ಪಾಠವನ್ನೂ ನಿಮ್ಮ ಮುಂದಿಡಬೇಕೆಂದು ಮನಸ್ಸಾಗಿದೆ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನಲ್ಲಿದ್ದಾಗ ಎನ್.ಸಿ.ಸಿ.ಯ ವಾಯುದಳಕ್ಕೆ ಸೇರಿ ಮಾದರಿ ವಿಮಾನಗಳನ್ನು ಕಟ್ಟುವುದನ್ನೂ ಹಾರಿಸುವುದನ್ನೂ ಕಲಿತಿದ್ದಳು. ಆಕೆಯು ಒಂದು ದಿನ ನನ್ನ ಕೋಣೆಗೆ ಬಂದು, "ಟೀಚರ್, ಶನಿವಾರದ ಮಧ್ಯಾಹ್ನಗಳನ್ನು ನನಗೆ ಕೊಡುವಿರಾ? ನಮ್ಮ ಹುಡುಗಿಯರಿಗೆ ವಿಮಾನ ಹಾರಿಸಲು ಕಲಿಸುತ್ತೇನೆ," ಎಂದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಹೀಗೆ ನಮ್ಮಲ್ಲಿ ಈ ವಿದ್ಯೆಯು ಆರಂಭವಾಯಿತು.

ಇದಕ್ಕೆ ಕಂಟ್ರೋಲ್ ಲೈನ್ ವಿಮಾನವೆಂದು ಹೆಸರು. ರೇಡಿಯೋ ಅಲೆಗಳಿಂದ ನಡೆಸುವ ವಿಮಾನವಲ್ಲ. ಹಾರಿಸುವವರ ಕೈಗೂ ವಿಮಾನಕ್ಕೂ ನಡುವೆ ಎರಡು ತೆಳ್ಳನೆಯ ಉಕ್ಕಿನ ತಂತಿಗಳಿರುತ್ತವೆ. ನಮ್ಮ ವಿಮಾನದ ತಂತಿಗಳು 15 ಮೀಟರ್ ಉದ್ದದವು. ತಂತಿಗಳ ಈಚೆಯ ತುದಿ ಒಂದು ಹಿಡಿಗೆ, ಆಚೆಯ ತುದಿ ವಿಮಾನದ ಎಡರೆಕ್ಕೆಯೊಳಗಿಂದ ಹಾದು ಬೆಲ್‌ಕ್ರಾಂಕ್ ಎಂಬ ಸಣ್ಣ ತಿರುಗುಪಟ್ಟಿಗೆ ಸೇರಿರುತ್ತದೆ. ಆ ಪಟ್ಟಿಯಿಂದ ಒಂದು ಗಟ್ಟಿ ಕಡ್ಡಿಯು ಬಾಲದ ಎಲಿವೇಟರಿಗೆ ಹೋಗುತ್ತದೆ. ಹಿಡಿಯ ಮೇಲ್ತುದಿಯನ್ನು ನಮ್ಮ ಕಡೆಗೆ ವಾಲಿಸಿದರೆ ಎಲಿವೇಟರು ಮೇಲಕ್ಕೆದ್ದು ವಿಮಾನವು ಏರುತ್ತದೆ. ಮುಂದಕ್ಕೆ ವಾಲಿಸಿದರೆ ಇಳಿಯುತ್ತದೆ. ಎಡಕ್ಕೆ ಬಲಕ್ಕೆ ತಿರುಗಿಸುವ ಯೋಚನೆಯೇ ಇಲ್ಲ. ವಿಮಾನವು ನಮ್ಮ ಸುತ್ತಲೂ ಅಪ್ರದಕ್ಷಿಣವಾಗಿ ಸುತ್ತುತ್ತದೆ, ನಾವೂ ಅದರೊಡನೆ ನಿಂತಲ್ಲಿಯೇ ತಿರುಗುತ್ತೇವೆ.

ಅಮೆರಿಕಾ ದೇಶದ ಆರೆಗನ್ ಸಂಸ್ಥಾನದ ಪೋರ್ಟ್‌ಲೆಂಡಿನಲ್ಲಿ ಜಿಮ್ ವಾಕರ್ ಎಂಬವರು 1940ರ ಸುಮಾರಿಗೆ "ಫೈರ್‌ಬಾಲ್" ಎಂಬ ಮಾದರಿಯನ್ನು ಮಾರಾಟಕ್ಕೆ ತಂದು ಈ ಆಟವನ್ನು ಲೋಕಪ್ರಿಯಗೊಳಿಸಿದರು. ಅದೇ ಸಂಸ್ಥಾನದ ಓಬಾ ಸೇಂಟ್ ಕ್ಲೇರ್ ಎಂಬವರು ಅದಕ್ಕೂ ಮೊದಲೇ, 1930ರ ದಶಕದಲ್ಲಿಯೇ, ಇಂತಹ ವಿಮಾನವನ್ನು ಹಾರಿಸಿದ್ದರೆಂಬುದು 1950ರ ದಶಕದ ಒಂದು ವ್ಯಾಜ್ಯದಲ್ಲಿ ಹೊರಬಿತ್ತು. ಇಂದು ಈ ಆಟಕ್ಕೆ ಜಾಗತಿಕ ಪಂದ್ಯಗಳೂ ಇವೆ. ವೇಗ, ಲಾಗಗಳು, ತಂಡದ ಓಟ, ಕಾಳಗ ಎಂದು ನಾಲ್ಕು ಮುಖ್ಯ ವಿಭಾಗಗಳು.

ತಂತಿಯು ಸಡಿಲವಾಗದೆ ನಿಲ್ಲುವುದು ಹೇಗೆಂದು ಹುಡುಗಿಯರು ಕೇಳಿದರು. ಕೊಡದಲ್ಲಿ ನೀರು ತುಂಬಿ ಜೋರಾಗಿ ಸುತ್ತ ಬೀಸಿದರೆ ನೀರು ಚೆಲ್ಲದಿರುವುದಕ್ಕೆ ಯಾವುದು ಕಾರಣವೋ ಅದೇ ಇಲ್ಲಿಯೂ ಕಾರಣ. ನಾನು ಗಣಿತದ ಉಪಾಧ್ಯಾಯಿನಿಯಾದ್ದರಿಂದ ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿದೆನು. 15 ಮೀಟರ್ ತ್ರಿಜ್ಯದ ವೃತ್ತದ ಪರಿಧಿಯು ಸುಮಾರು 94 ಮೀಟರ್. ವಿಮಾನವು ಒಂದು ಸುತ್ತನ್ನು 5 ಸೆಕೆಂಡುಗಳಲ್ಲಿ ಮುಗಿಸಿದರೆ ಅದರ ವೇಗವು ಗಂಟೆಗೆ ಸುಮಾರು 68 ಕಿಲೋಮೀಟರ್. ಆಗ ಅದು ತನ್ನ ತೂಕದ ಸುಮಾರು 2.4ರಷ್ಟು ಬಲದಿಂದ ಕೈಯನ್ನು ಎಳೆಯುತ್ತದೆ. 700 ಗ್ರಾಂ ತೂಕದ ವಿಮಾನವಾದರೆ ಸುಮಾರು 1.7 ಕಿಲೋಗ್ರಾಂ ಭಾರ. ಈ ಎಳೆತವೇ ಹಾರಾಟದ ಜೀವ. ಇದಕ್ಕೆ ನೆರವಾಗಲೆಂದೇ ಎಂಜಿನನ್ನು ಕೊಂಚ ಹೊರಮುಖವಾಗಿ ಕೂರಿಸುತ್ತಾರೆ, ಬಲರೆಕ್ಕೆಯ ತುದಿಯಲ್ಲಿ ಚೂರು ಸೀಸವನ್ನು ಇಡುತ್ತಾರೆ. ತಂತಿ ಸಡಿಲವಾಯಿತೆಂದರೆ ನಮ್ಮ ಮಾತು ವಿಮಾನಕ್ಕೆ ತಲುಪದು. ಅಂಥ ಸಮಯದಲ್ಲಿ ಹಿಂದಕ್ಕೆ ಎರಡು ಹೆಜ್ಜೆ ಸರಿಯಬೇಕು. ಗಾಳಿಯು ಬೀಸಿಬರುವ ದಿಕ್ಕಿನ ಪಾಲಿನಲ್ಲಿ ವಿಮಾನವಿರುವಾಗ ಇದು ಹೆಚ್ಚಾಗಿ ಆಗುತ್ತದೆ.

ವಿಮಾನವನ್ನು ಬಾಲ್ಸಾ ಎಂಬ ಹಗುರ ಮರದಿಂದ ಕಟ್ಟಿದರು. ಈ ಕೆಲಸಕ್ಕೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಮುಖಂಡಳಾದಳು. ಮಾತು ಕಡಿಮೆ, ಕೈ ಬಹಳ ಶುದ್ಧ. ಮೂರು ತಿಂಗಳ ಶನಿವಾರಗಳೆಲ್ಲ ರೆಕ್ಕೆಯ ಎಲುಬುಗಳನ್ನು ಕೊಯ್ಯುವುದರಲ್ಲಿ, ಅಂಟಿಸುವುದರಲ್ಲಿ, ಉಜ್ಜುವುದರಲ್ಲಿ ಕಳೆದವು. ಎಂಜಿನಿನ ಇಂಧನವು ಮೆಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣ. ಮೊದಲ ದಿನ ಎಂಜಿನು ಹೊತ್ತಿಕೊಂಡಾಗ ಹೊರಟ ಹೊಗೆಯನ್ನು ಮೂಸಿ, "ಇದು ನಮ್ಮ ಅಜ್ಜಿಯ ತಲೆಗೆ ಹಚ್ಚುವ ಎಣ್ಣೆಯ ವಾಸನೆ," ಎಂದು ಒಬ್ಬಳು ಕೂಗಿದಳು. ಮೆಥನಾಲ್ ವಿಷವಾದದ್ದರಿಂದ ಅದರ ಡಬ್ಬಿಯ ಬೀಗದ ಕೈ ನನ್ನಲ್ಲಿಯೇ ಇರುತ್ತಿತ್ತು. ಈಗ ಬ್ಯಾಟರಿಯಿಂದ ಓಡುವ ಸದ್ದಿಲ್ಲದ ಮೋಟಾರುಗಳೂ ಸಿಕ್ಕುತ್ತವೆ. ಹೊಸಬರಿಗೆ ಅವು ಹೆಚ್ಚು ಅನುಕೂಲ.

ಪೋಷಕರಲ್ಲಿ ಕೆಲವರು, ಇದು ಹೆಣ್ಣುಮಕ್ಕಳಿಗೆ ತಕ್ಕದ್ದೇ ಎಂದು ಕೇಳಿದರು. ಸರಳಾ ಠಕ್ರಾಲ್ ಅವರು 1936ರಲ್ಲಿಯೇ, ತಮ್ಮ 21ನೆಯ ವಯಸ್ಸಿನಲ್ಲಿ, ಸೀರೆಯುಟ್ಟು ವಿಮಾನವನ್ನೇರಿ ಪರವಾನಗಿ ಪಡೆದರೆಂದೂ, 2016ರಲ್ಲಿ ನಮ್ಮ ವಾಯುಸೇನೆಯ ಯುದ್ಧವಿಮಾನಗಳಿಗೆ ಮೊದಲಾಗಿ ಆಯ್ಕೆಯಾದ ಮೂವರು ಸ್ತ್ರೀಯರು ನಮ್ಮ ಬೀದರಿನಲ್ಲಿಯೇ ತರಬೇತಿ ಹೊಂದಿದರೆಂದೂ ನಾನು ಉತ್ತರಿಸಿದೆನು. ಅಪಾಯವಿಲ್ಲವೇ ಎಂಬ ಪ್ರಶ್ನೆಯು ನ್ಯಾಯವಾದದ್ದು. ವಿದ್ಯುತ್ ತಂತಿಗಳ ಸಮೀಪದಲ್ಲಿ ಉಕ್ಕಿನ ತಂತಿಯ ವಿಮಾನವನ್ನು ಹಾರಿಸುವುದು ಪ್ರಾಣಕ್ಕೇ ಸಂಚಕಾರ. ನಮ್ಮ ಶಾಲೆಯ ಅಂಗಳದ ಒಂದು ಬದಿಯಲ್ಲಿ ಅಂಥ ತಂತಿಗಳು ಹಾದುಹೋಗಿರುವುದರಿಂದ ನಾವು ಊರ ಹೊರಗಿನ ಬಯಲಿಗೆ ಹೋಗುತ್ತಿದ್ದೆವು. ಸುಣ್ಣದಿಂದ ವೃತ್ತವನ್ನು ಎಳೆದು, ನೋಡುವವರೆಲ್ಲರೂ ಅದರಿಂದ ಬಹಳ ಹಿಂದೆ ನಿಲ್ಲಬೇಕೆಂದು ನಿಯಮ ಮಾಡಿದೆವು. ಹಾರಿಸುವವಳ ಮಣಿಕಟ್ಟಿಗೆ ಹಿಡಿಯನ್ನು ಒಂದು ಪಟ್ಟಿಯಿಂದ ಕಟ್ಟಬೇಕು. ಹಾರಾಟಕ್ಕೆ ಮುಂಚೆ ತಂತಿಗಳನ್ನು ಬಲವಾಗಿ ಎಳೆದು ನೋಡಬೇಕು. ಕಡೆಯದಾಗಿ, ಹಿಡಿಯನ್ನು ವಾಲಿಸಿ, ಎಲಿವೇಟರು ಸರಿಯಾದ ಕಡೆಗೆ ಚಲಿಸುವುದೇ ಎಂದು ವಿಮಾನ ಹಿಡಿದವಳು ನೋಡಿ ಹೇಳಬೇಕು. ಈ ಕಡೆಯ ನಿಯಮವನ್ನು ದಯವಿಟ್ಟು ನೆನಪಿನಲ್ಲಿಡಿರಿ.

ಹುಡುಗಿಯರ ಉತ್ಸಾಹವನ್ನು ನೋಡಿ ನನಗೂ ಆಸೆ ಹುಟ್ಟಿತು. ಮೊದಲ ದಿನ ಎರಡನೆಯ ಸುತ್ತಿಗೇ ತಲೆ ತಿರುಗಿತು. "ಟೀಚರ್, ಮರಗಳನ್ನು ನೋಡಬೇಡಿ, ವಿಮಾನವನ್ನೇ ನೋಡಿ," ಎಂದಳು ನಮ್ಮ ಬೋಧಕಿ. ನಾನು ಮಣಿಕಟ್ಟನ್ನು ಅತಿಯಾಗಿ ಆಡಿಸುತ್ತಿದ್ದೆನು. ಹೊಸಬರೆಲ್ಲರೂ ಮಾಡುವ ತಪ್ಪದು. ತೋಳನ್ನು ನೀಟಾಗಿ ಚಾಚಿ ಬಿಗಿಯಾಗಿ ಹಿಡಿದರೆ ವಿಮಾನವು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಅದೆಂತೆಂದರೆ, ಕೈ ಕದಲದಿರುವಾಗ ವಿಮಾನವು ಮೇಲೆದ್ದರೆ ಹಿಡಿಯ ಮೇಲ್ತುದಿಯು ಅದಕ್ಕೆ ಹತ್ತಿರವಾಗಿ ಮೇಲಿನ ತಂತಿಯು ಸಡಿಲುತ್ತದೆ, ವಿಮಾನವು ಇಳಿಯುತ್ತದೆ. ಕೆಳಗಿಳಿದರೆ ಇದಕ್ಕೆ ವಿರುದ್ಧವಾಗಿ ಏರುತ್ತದೆ. ಬೋಧಕಿಯ ಕೈ ನನ್ನ ಕೈಯ ಮೇಲಿರಲು ನಾಲ್ಕು ಸಾರಿ ಹಾರಿಸಿದೆನು. ಅಷ್ಟಕ್ಕೇ ನನಗೆ ವಿದ್ಯೆ ಬಂದಿತೆಂದು ಎಣಿಸಿದೆನು.

ಪೋಷಕರ ದಿನದ ಸಾಯಂಕಾಲ ಎಲ್ಲರೂ ಬಯಲಿನಲ್ಲಿ ನೆರೆದಿದ್ದರು. ಬೋಧಕಿಯೂ ಇಬ್ಬರು ಹುಡುಗಿಯರೂ ಅಂದವಾಗಿ ಹಾರಿಸಿ ತೋರಿಸಿದರು. ಅತಿಥಿಗಳು ಚಪ್ಪಾಳೆ ತಟ್ಟುತ್ತಿರುವಾಗ ನಾನು ಮುಂದೆ ಬಂದು, ಈಗ ನಾನು ಹಾರಿಸುತ್ತೇನೆಂದೆನು. ಯಾರೂ ನನ್ನನ್ನು ಕೇಳಿರಲಿಲ್ಲ. ನೆಲದ ಮೇಲಿದ್ದ ಹಿಡಿಯನ್ನು ಎತ್ತಿಕೊಂಡು ವೃತ್ತದ ನಡುವೆ ನಿಂತೆನು. ವಿಮಾನವನ್ನು ಹಿಡಿದಿದ್ದವಳು ಅದನ್ನು ಕಟ್ಟಿದ ಹುಡುಗಿಯೇ. ಎಂಜಿನು ಹೊತ್ತುವುದಕ್ಕೆ ಮೊದಲು ಆಕೆಯು, "ಟೀಚರ್, ಹಿಡಿಯನ್ನು ಒಮ್ಮೆ ವಾಲಿಸಿ ತೋರಿಸಿ, ನೋಡುತ್ತೇನೆ," ಎಂದು ಕೂಗಿದಳು.

"ಎಲ್ಲಾ ಸರಿಯಾಗಿದೆ, ಮಗಳೇ. ಹೊತ್ತಾಗುತ್ತಿದೆ," ಎಂದೆನು.

ಆಕೆಯು ಇನ್ನೊಮ್ಮೆ ಹೇಳಲು ಬಾಯಿ ತೆರೆದು ಸುಮ್ಮನಾದಳು. ಮುಖ್ಯೋಪಾಧ್ಯಾಯಿನಿಗೆ ಎರಡು ಸಾರಿ ಹೇಳುವ ಹುಡುಗಿಯರನ್ನು ನಾವು ಬೆಳೆಸಿಲ್ಲವಷ್ಟೆ.

ವಿಮಾನವು ನೆಲವನ್ನು ಬಿಟ್ಟು ಭುಜದೆತ್ತರಕ್ಕೆ ಬಂದಿತು. ಮತ್ತೂ ಏರತೊಡಗಿದಾಗ ಇಳಿಸಬೇಕೆಂದು ಹಿಡಿಯನ್ನು ಮುಂದಕ್ಕೆ ವಾಲಿಸಿದೆನು. ಅದು ಇನ್ನಷ್ಟು ಏರಿತು. ಗಾಬರಿಯಿಂದ ಮತ್ತಷ್ಟು ವಾಲಿಸಿದೆನು. ಅದು ನೆಟ್ಟಗೆ ನನ್ನ ತಲೆಯ ಮೇಲಕ್ಕೇ ಬಂದು, ತಂತಿಗಳು ಜೋತುಬಿದ್ದು, ಮೂತಿ ಮುಂದಾಗಿ ನೆಲಕ್ಕಪ್ಪಳಿಸಿತು. ಮೂರು ತಿಂಗಳ ಕೆಲಸವು ಮೂರು ಉಸಿರಿನಲ್ಲಿ ಮುಗಿಯಿತು.

ಬೋಧಕಿಯು ನನ್ನ ಮಾನವನ್ನು ಉಳಿಸಲೆಂದು ಅತಿಥಿಗಳಿಗೆ, "ಗಾಳಿ ಜೋರಾಗಿ ಬೀಸಿತು," ಎಂದಳು. ನಾನೂ ಹೌದೆಂಬಂತೆ ತಲೆಯಾಡಿಸಿದೆನು. ಆ ಹುಡುಗಿಯು ಒಂದು ಹಳೆಯ ವೃತ್ತಪತ್ರಿಕೆಯನ್ನು ಹಾಸಿ ಚೂರುಗಳನ್ನೆಲ್ಲಾ ಆಯ್ದು ಇಡುತ್ತಿದ್ದಳು. ಒಮ್ಮೆ ತಲೆಯೆತ್ತಿ ನನ್ನ ಕೈಯಲ್ಲಿದ್ದ ಹಿಡಿಯನ್ನು ನೋಡಿದಳು. ಏನೂ ಹೇಳಲಿಲ್ಲ.

ರಾತ್ರಿ ಹಿಡಿಯು ನನ್ನ ಮೇಜಿನ ಮೇಲಿತ್ತು. ಅದರ ಮೇಲ್ತುದಿಗೆ ಕೆಂಪು ಬಣ್ಣವನ್ನು ಬಳಿದಿದ್ದರು. ಬಯಲಿನಲ್ಲಿ ಆ ಕೆಂಪು ತುದಿಯು ನನ್ನ ಕಿರುಬೆರಳಿನ ಕಡೆಗಿದ್ದುದು ಆಗ ನನಗೆ ಸ್ಪಷ್ಟವಾಗಿ ನೆನಪಾಯಿತು. ನಾನು ಹಿಡಿಯನ್ನು ತಲೆಕೆಳಗಾಗಿ ಹಿಡಿದಿದ್ದೆನು. ಒಂದೇ ಒಂದು ಸಾರಿ ವಾಲಿಸಿ ತೋರಿಸಿದ್ದರೆ ಆ ಮಗುವು ಕೂಡಲೆ ಹೇಳಿರುತ್ತಿತ್ತು. ಗಾಳಿಯ ಮೇಲೆ ಹೊರಿಸಿದ ತಪ್ಪು ಗಾಳಿಯದಲ್ಲ. ವಿಮಾನವು ಮುರಿದದ್ದಕ್ಕಿಂತಲೂ ನಾನು ತಲೆಯಾಡಿಸಿದ್ದೇ ನನ್ನ ನಿದ್ರೆಯನ್ನು ಕೆಡಿಸಿತು. ಇಪ್ಪತ್ತು ವರ್ಷಗಳಿಂದ, ಸುಳ್ಳಾಡಬಾರದೆಂದು ಎಷ್ಟು ಮಕ್ಕಳಿಗೆ ಹೇಳಿದ್ದೆನೋ!

ಮರುದಿನ ಬೆಳಗಿನ ಪ್ರಾರ್ಥನೆಯಾದ ಮೇಲೆ ಎಲ್ಲಾ ತರಗತಿಗಳ ಮುಂದೆ ನಿಂತು ನಡೆದದ್ದನ್ನು ನಡೆದ ಹಾಗೆಯೇ ಹೇಳಿ, ಆ ಹುಡುಗಿಯ ಹೆಸರನ್ನು ಕರೆದು ಕ್ಷಮೆ ಕೇಳಿದೆನು. ಸಭೆಯು ನಿಶ್ಶಬ್ದವಾಗಿತ್ತು. ಆಕೆಯು ಎದ್ದು ನಿಂತು, ಕೆಂಪೇರಿದ ಮುಖದಿಂದ, "ಟೀಚರ್, ಹೊಸ ಹಿಡಿಯ ಮೇಲ್ತುದಿಗೆ ಒಂದು ದಾರದ ಗಂಟು ಸುತ್ತೋಣ. ಕಣ್ಣು ತಪ್ಪಿದರೂ ಹೆಬ್ಬೆರಳಿಗೆ ತಿಳಿಯುತ್ತದೆ," ಎಂದಳು. ಕ್ಷಮಿಸಿದೆನೆಂದು ಹೇಳಲಿಲ್ಲ, ಅದಕ್ಕಿಂತ ಹೆಚ್ಚಿನದನ್ನೇ ಹೇಳಿದಳು.

ಎಂಜಿನು ಉಳಿದಿತ್ತು, ಬಲರೆಕ್ಕೆಯ ಅರ್ಧವೂ ಉಳಿದಿತ್ತು. ಮತ್ತೆ ಶನಿವಾರಗಳು ಬಂದವು. ಈ ಸಾರಿ ಮರವನ್ನು ಉಜ್ಜುವ ಕೆಲಸವನ್ನು ನಾನೇ ಕೇಳಿ ಪಡೆದುಕೊಂಡೆನು. ಪೋಷಕರಿಗೂ ಚೀಟಿ ಬರೆದು ನಿಜವನ್ನು ತಿಳಿಸಿದೆನು. ಅದರಿಂದ ಯಾರೊಬ್ಬರೂ ತಮ್ಮ ಮಗಳನ್ನು ಬಿಡಿಸಿಕೊಳ್ಳಲಿಲ್ಲ, ಬದಲಾಗಿ ಇನ್ನೂ ಮೂವರು ಹೆಸರು ಕೊಟ್ಟರು. ಹೊಸ ವಿಮಾನವು ಹಾರಿದ ದಿನ ಆ ಹುಡುಗಿಯೇ ಅದನ್ನು ಹಿಡಿದು ನಿಂತಿದ್ದಳು. ನಾನು ಹಿಡಿಯನ್ನು ವಾಲಿಸಿದೆನು. "ಮೇಲೆ ಸರಿ," ಎಂದಳು. ಮುಂದಕ್ಕೆ ವಾಲಿಸಿದೆನು. "ಕೆಳಗೆ ಸರಿ," ಎಂದಳು. ಆಮೇಲೆ ಎಂಜಿನು ಹೊತ್ತಿತು. ಇಂಧನ ತೀರುವವರೆಗೂ ನಾನು ವಿಮಾನವನ್ನೇ ನೋಡುತ್ತಾ ಸುತ್ತಿದೆನು. ಕಡೆಗೆ ಅದು ತಾನಾಗಿ ಇಳಿದು, ಹುಲ್ಲಿನ ಮೇಲೆ ಸ್ವಲ್ಪ ದೂರ ಓಡಿ, ನಿಂತಿತು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರೇ, ನೀವು ಇಲ್ಲಿದ್ದಾಗ ನನಗೆ ಹೇಳಬೇಕೆಂದು ಬಾಯಿ ತೆರೆದು ಸುಮ್ಮನಾದವರು ಎಷ್ಟು ಮಂದಿಯೋ ನಾನರಿಯೆ. ನಿಮ್ಮಲ್ಲಿ ಹಲವರು ಈಗ ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ನಿಮ್ಮ ಕೈಯಲ್ಲಿಯೂ ಒಂದೊಂದು ಹಿಡಿಯಿದೆ. ತಂತಿಯ ಆಚೆಯ ತುದಿಯಲ್ಲಿ ನಿಂತವರಿಗೆ, ನಿಮಗೆ ಕಾಣದ್ದು ಕಾಣುತ್ತದೆ. ಶನಿವಾರ ಮಧ್ಯಾಹ್ನ ಈ ಕಡೆ ಬಂದರೆ ಬಯಲಿಗೆ ಅವಶ್ಯವಾಗಿ ಬನ್ನಿರಿ. ಹೊಸಬರಿಗೆ ನಮ್ಮ ಹುಡುಗಿಯರು ಸಂತೋಷದಿಂದ ಕಲಿಸುತ್ತಾರೆ. ಅವರು ಹಿಡಿಯನ್ನು ವಾಲಿಸಿ ತೋರಿಸಿರೆಂದು ಹೇಳಿದಾಗ ಮಾತ್ರ, ಹೊತ್ತಾಯಿತೆಂದು ಹೇಳದಿರಿ.