ಘಾಟಿಯ ನೆತ್ತಿಯಲ್ಲಿ ಹಳೇ ಚಕ್ರಗಳ ಅಂಗಡಿ

ಹಾಸನದಿಂದ ಮಂಗಳೂರಿನ ಕಡೆ ಹೊರಟವರಿಗೆ ಮಲೆನಾಡು ಒಮ್ಮೆಲೇ ಎದುರಾಗುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಆಲೂರು ತಾಲ್ಲೂಕಿನ ಪಾಳ್ಯದ ಸುತ್ತ ಗದ್ದೆ, ಜೋಳ, ಶುಂಠಿ ಹೊಲ. ಬಾಳ್ಳುಪೇಟೆ ಬರುವ ಹೊತ್ತಿಗೆ ಸಿಲ್ವರ್ ಮರಗಳ ನೆರಳಲ್ಲಿ ಕಾಫಿ ಗಿಡ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಸುಮಾರು 40 ಕಿಲೋಮೀಟರ್ ಕಳೆದರೆ ಹೇಮಾವತಿ ದಡದ ಸಕಲೇಶಪುರ. ಊರು ದಾಟಿದ ಮೇಲೆ ಗುಡ್ಡದ ನೆತ್ತಿಯಲ್ಲಿ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ, ಎಂಟು ಮೂಲೆಯ ನಕ್ಷತ್ರದ ಹಾಗೆ. ಆಮೇಲೆ ಶಿರಾಡಿ ಘಾಟಿ. ಹೆಗ್ಗದ್ದೆಯಿಂದ ಅಡ್ಡಹೊಳೆಯವರೆಗೆ ಸುಮಾರು 26 ಕಿಲೋಮೀಟರ್ ಇಳಿಜಾರು, ತಿರುವು, ಮಳೆಗಾಲದಲ್ಲಿ ಮಂಜು.

ಈ ದಾರಿಯಲ್ಲಿ ಬಂದವರು ಕೋಟೆ ನೋಡುತ್ತಾರೆ, ಜಲಪಾತ ನೋಡುತ್ತಾರೆ, ಕಾಫಿ ಕುಡಿಯುತ್ತಾರೆ. ನಾನು ಈ ಸಲ ಒಂದು ಮಧ್ಯಾಹ್ನ ಕಳೆದದ್ದು ರಸ್ತೆ ಬದಿಯ ಹಳೇ ಟೈರ್ ಅಂಗಡಿಯಲ್ಲಿ. ತಗಡಿನ ಮಾಡು, ಗಾಳಿ ತುಂಬುವ ಯಂತ್ರ, ನೀರಿನ ತೊಟ್ಟಿ. ಒಂದು ಕಡೆ ಕಂಬದ ಹಾಗೆ ಪೇರಿಸಿದ ಟೈರುಗಳು. ಇನ್ನೊಂದು ಕಡೆ ಹಗ್ಗಕ್ಕೆ ಪೋಣಿಸಿ ತೂಗುಹಾಕಿದ ಅಲಾಯ್ ಚಕ್ರಗಳು ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು.

ಇಷ್ಟೊಂದು ಚಕ್ರ ಎಲ್ಲಿಂದ ಬರುತ್ತದೆ? ಹೊಸ ಕಾರು ಕೊಂಡ ಕೆಲವರು ಕಂಪನಿ ಕೊಟ್ಟ ಚಕ್ರ ಬಿಚ್ಚಿಸಿ ಇನ್ನೂ ಅಂದದ ಅಲಾಯ್ ಹಾಕಿಸುತ್ತಾರೆ. ಬಿಚ್ಚಿದ್ದು ಮಾರಾಟಕ್ಕೆ ಬರುತ್ತದೆ. ಗುಜರಿಗೆ ಹೋದ ಕಾರುಗಳ ಚಕ್ರವೂ ಸೇರುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಂಥ ಕಡೆಗಳಿಂದ ರಾಶಿ ಲೆಕ್ಕದಲ್ಲಿ ತರುತ್ತಾರೆ. ಶುಂಠಿ ಸಾಗಿಸುವ ಪಿಕಪ್‌ನವರು, ತೋಟದ ಜೀಪಿನವರು, ಬಾಡಿಗೆ ಕಾರಿನ ಚಾಲಕರು ಇಲ್ಲಿ ಗಿರಾಕಿಗಳು. ಹೊಸದಕ್ಕೆ ಸಾಲುವಷ್ಟು ದುಡ್ಡು ಎಲ್ಲರ ಕೈಯಲ್ಲೂ ಇರುವುದಿಲ್ಲ.

ಬಂದವರಿಗೆಲ್ಲ ಅಂಗಡಿಯವರು ಮೊದಲು ಕೇಳುವುದು, "ಯಾವ ಗಾಡಿಗೆ?" ಟೈರಿನ ಪಕ್ಕದಲ್ಲಿ 185/65 ಆರ್ 15 ಎಂದಿದ್ದರೆ ಅದರ ಅಗಲ 185 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು. ಲೆಕ್ಕ ಹಾಕಿದರೆ ಸುಮಾರು 12 ಸೆಂಟಿಮೀಟರ್. ಕೊನೆಯ 15 ಎಂದರೆ ಒಳಗೆ ಕೂರುವ ರಿಮ್ಮಿನ ಅಳತೆ, ಅಂಗುಲದಲ್ಲಿ. ಅಲಾಯ್‌ಗೆ ಇನ್ನೊಂದು ಅಳತೆ ಬೇಕು. ನಾಲ್ಕು ಬೋಲ್ಟಿನ ಚಕ್ರವಾದರೆ ಎದುರುಬದುರಿನ ಎರಡು ತೂತುಗಳ ನಡುವಿನ ಅಂತರ ಎಷ್ಟೋ ಅದು. 100 ಮಿಲಿಮೀಟರ್ ಇರುವ ಕಾರಿಗೆ 100 ಇರುವ ಚಕ್ರವೇ ಆಗಬೇಕು.

ಅಲಾಯ್ ಎಂದರೆ ಬೇರೆ ಲೋಹ ಬೆರೆಸಿದ ಅಲ್ಯುಮಿನಿಯಂ. ಗುಂಡಿಗೆ ಬಿದ್ದರೆ ಉಕ್ಕಿನ ಚಕ್ರ ಸೊಟ್ಟಗಾಗುತ್ತದೆ. ಅಲಾಯ್ ಬಿರುಕು ಬಿಡಬಹುದು. ಮಡಕೆಯನ್ನು ತಟ್ಟಿ ನೋಡುವ ಹಾಗೆ ಇದನ್ನು ತಟ್ಟಿ ನೋಡಿದರೆ ಸಾಲದು. ಅಂಗಡಿಯವರು ಚಕ್ರ ತಿರುಗಿಸಿ ಓಲಾಡುತ್ತದೆಯೇ ಎಂದು ನೋಡಿದರು, ಒಳಬದಿಯಲ್ಲಿ ಬೆಸುಗೆ ಹಾಕಿದ ಗುರುತಿಗಾಗಿ ಬೆರಳಾಡಿಸಿದರು, ಟೈರ್ ಕೂರಿಸಿ ಗಾಳಿ ತುಂಬಿ ಸೋಪಿನ ನೀರು ಸವರಿದರು. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ ಎಂದರ್ಥ.

ಅಷ್ಟರಲ್ಲಿ ಆಲೂರಿನ ಕಡೆಯ ಒಬ್ಬ ಹಿರಿಯರು ಮೊಮ್ಮಗಳ ಜೊತೆ ಬಂದರು. ಮಾರನೆಯ ದಿನ ಕಾರಿನಲ್ಲಿ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೋಗುವವರು. ಹಿಂದಿನ ಎರಡು ಟೈರು ಬೋಳಾಗಿದ್ದವು. ಅಂಗಡಿಯವರು ಎರಡು ಟೈರು ಉರುಳಿಸಿ ತಂದರು. ಬಟನ್ ಒಂಚೂರೂ ಸವೆದಿರಲಿಲ್ಲ. ಸ್ಟೆಪ್ನಿಗಳಾಗಿ ಡಿಕ್ಕಿಯಲ್ಲೇ ಕೂತಿದ್ದಂಥವು.

"ಹೊಸದರ ಹಾಗೇ ಇದಾವಲ್ಲಪ್ಪ! ಹಾಕಿಬಿಡು" ಎಂದರು ತಾತ.

ಹುಡುಗಿ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. "ತಾತ, ಇಲ್ಲಿ ಮೊಟ್ಟೆ ಆಕಾರದೊಳಗೆ 3214 ಅಂತ ಬರೆದಿದೆ. ಏನಿದು?"

ಅಂಗಡಿಯವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಹೇಳಿದರು, "ಅದು ಹುಟ್ಟಿದ ದಿನ ಪುಟ್ಟಿ. 2014ನೇ ಇಸವಿ, 32ನೇ ವಾರ."

ಹುಡುಗಿ ಬೆರಳೆಣಿಸಿದಳು. "ಆಗಸ್ಟ್! ಅಂದರೆ ಹತ್ತು ವರ್ಷದ ಮೇಲಾಯ್ತು."

"ಓಡೇ ಇಲ್ಲವಲ್ಲ, ವರ್ಷ ಆದರೇನು?" ಎಂದರು ತಾತ.

"ಓಡದಿದ್ರೂ ರಬ್ಬರಿಗೆ ಮುಪ್ಪು ಬರುತ್ತೆ ಗೌಡ್ರೇ" ಎನ್ನುತ್ತ ಅಂಗಡಿಯವರು ಟೈರನ್ನು ಮಡಿಸಿ ಹಿಡಿದರು. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. "ಇದಕ್ಕೆ ನಾನು ಕೊಟ್ಟ ದುಡ್ಡು ಹೋಯ್ತು ಅಷ್ಟೇ. ಘಾಟಿ ಇಳಿಯೋರಿಗೆ ಇದನ್ನ ಹಾಕಲ್ಲ." ಎರಡನ್ನೂ ಹಿಂದಕ್ಕೆ ಉರುಳಿಸಿ, ಸ್ವಲ್ಪ ಸವೆದ, ಮೂರು ವರ್ಷದ ಜೋಡಿ ತಂದರು. ಬೆಲೆ ಹೆಚ್ಚು. ತಾತ ಗೊಣಗುತ್ತಲೇ ಜೇಬಿಗೆ ಕೈಹಾಕಿದರು.

ಗಾಳಿ ಮತ್ತು ಬಿಸಿಲು ತಾಗುತ್ತ ರಬ್ಬರು ಗಡುಸಾಗುತ್ತದೆ, ಒದ್ದೆ ರಸ್ತೆಯ ಮೇಲಿನ ಹಿಡಿತ ಕಳೆದುಕೊಳ್ಳುತ್ತದೆ. ಹತ್ತು ವರ್ಷ ದಾಟಿದ ಟೈರು ಚೆನ್ನಾಗಿ ಕಂಡರೂ ಬದಲಿಸಿ ಎಂದು ತಯಾರಕರೇ ಹೇಳುವುದುಂಟು. ಸವೆತಕ್ಕೂ ಒಂದು ಗುರುತಿದೆ. ಬಟನ್ನಿನ ನಡುವಿನ ಗೀರುಗಳ ತಳದಲ್ಲಿ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಣ್ಣೆಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಅದರ ಕೆಲಸ ಮುಗಿಯಿತು. ಸವೆದ ಟೈರಿಗೆ ಹೊಸ ಗೀರು ಕೊರೆದು, ಕಪ್ಪು ಪಾಲಿಶ್ ಬಳಿದು ಮಾರುವವರೂ ಇದ್ದಾರೆ. ಆದ್ದರಿಂದ ಹೊಳಪು ನೋಡಿ ಕೊಳ್ಳಬಾರದು. ಇಡೀ ಕಾರು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಒಳಗೆ ಕೂತವರ ಜೀವವೆಲ್ಲ ಆ ನಾಲ್ಕು ಅಂಗೈಗಳ ಮೇಲೆ.

ಹೊಸ ಟೈರು ಕೂರಿಸುವಾಗ ತಾತ ಹಳೆಯದನ್ನು ನೆನೆದರು. ಅವರ ಬಾಲ್ಯದ ಎತ್ತಿನ ಗಾಡಿಗೆ ಮರದ ಗಾಲಿ, ಮೇಲೆ ಕಬ್ಬಿಣದ ಪಟ್ಟಿ. ಆಮೇಲೆ ಟೈರ್ ಗಾಡಿ ಬಂದಾಗ ಎತ್ತುಗಳಿಗೆ ಹಗುರವಾಯಿತಂತೆ. ನಾನು ಹುಡುಗಿಗೆ ಡನ್‌ಲಪ್ ಕಥೆ ಹೇಳಿದೆ. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಮಾಡಿಕೊಟ್ಟರು. ಕಾರಿನ ಟೈರಿನ ಅಜ್ಜ ಒಂದು ಮಗುವಿನ ಸೈಕಲ್ಲಿನಲ್ಲಿತ್ತು! ಇದೇ ಘಾಟಿಯ ಕೆಳಗಿನ ಪುತ್ತೂರು, ಸುಳ್ಯದ ಕಡೆ ಮರದ ತೊಗಟೆ ಕೆತ್ತಿ ರಬ್ಬರು ಹಾಲು ಇಳಿಸುವ ತೋಟಗಳನ್ನು ನಾಳೆ ನೋಡು ಎಂದೆ.

ಮಾರಲಾರದ ಟೈರುಗಳಿಗೆ ಅಂಗಡಿಯವರು ತೂತು ಕೊರೆದಿಡುತ್ತಾರೆ. ಇಲ್ಲದಿದ್ದರೆ ಮಳೆನೀರು ನಿಂತು ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ. ಆ ಹತ್ತು ವರ್ಷದ ಜೋಡಿಯೂ ಆ ಸಾಲಿಗೆ ಸೇರಿತು.

ಕೆಲಸ ಮುಗಿಯುವವರೆಗೆ ಹುಡುಗಿ ಸುಮ್ಮನೆ ಕೂರಲಿಲ್ಲ. ಅಂಗಡಿಯವರಿಂದ ಸೀಮೆಸುಣ್ಣ ಇಸಿದುಕೊಂಡು ಒಂದೊಂದೇ ಟೈರಿನ ಅಂಕಿ ಓದಿ, ಹುಟ್ಟಿದ ಇಸವಿಯನ್ನು ದಪ್ಪ ಅಕ್ಷರದಲ್ಲಿ ಮೇಲೆ ಬರೆದಳು. ಕನ್ನಡಕ ಇಲ್ಲದೆ ತಾತನೂ ಓದಬಹುದಾಗಿತ್ತು. "ಅಳಿಸಬೇಡಿ ಅಂಕಲ್" ಎಂದಳು.

"ಮಳೆಗೆ ಅಳಿಸಿದ್ರೆ ನಾನೇ ಬರೀತೀನಿ" ಎಂದರು ಅವರು.